ಆಡು ಮುಟ್ಟದ ಸೊಪ್ಪು

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಈ ಶಾಲೆಯ ಮೂರನೆಯ ತಂಡದ ವಿದ್ಯಾರ್ಥಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಫಾರ್ಮಸಿಸ್ಟ್ ಆಗಿ ದುಡಿದು ನಿವೃತ್ತನಾಗಿದ್ದೇನೆ. ಔಷಧಿಯ ಬಗ್ಗೆ ನಾಲ್ಕು ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಆಟದ ಮೈದಾನದ ಬೇಲಿಯಲ್ಲಿದ್ದ ಆಡುಸೋಗೆ.

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಈ ಕಹಿ ಸೊಪ್ಪಿಗೆ ಆಡೂ ಬಾಯಿ ಹಾಕುವುದಿಲ್ಲ. ಅದಕ್ಕೇ ಇದನ್ನು ಬೇಲಿಗೆ ನೆಡುತ್ತಾರೆ, ‘ಆಡುಮುಟ್ಟದ ಗಿಡ’ ಎಂದೂ ಕರೆಯುತ್ತಾರೆ. ಉದ್ದನೆಯ ಎಲೆ, ತೆನೆಯಂತೆ ನಿಂತ ಬಿಳಿ ಹೂ ಇದರ ಗುರುತು. ಆಯುರ್ವೇದದಲ್ಲಿ ಇದರ ಹೆಸರು ವಾಸಾ. ಕೆಮ್ಮು, ಉಬ್ಬಸಕ್ಕೆ ಬಹುಕಾಲದಿಂದ ಬಳಕೆಯಲ್ಲಿದೆ. ನಮ್ಮ ಮನೆಗಳಲ್ಲಿ ಎಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಬೆರೆಸಿ ಕೊಡುತ್ತಿದ್ದರು. ಇಲ್ಲವೇ ಕಾಳುಮೆಣಸು, ಶುಂಠಿ ಹಾಕಿ ಕಷಾಯ ಕಾಯಿಸುತ್ತಿದ್ದರು. ಇದು ಬರೀ ನಂಬಿಕೆಯಲ್ಲ. ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶವನ್ನು ಆಧರಿಸಿಯೇ ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಎಂಬ ಔಷಧಿ ತಯಾರಾಯಿತು.

ಇನ್ನು ನನ್ನ ಮನೆಯ ಮಾತು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಪ್ಪನಿಗೆ ಕೆಮ್ಮು ಹಿಡಿಯಿತು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಹಿಡಿ ಸೊಪ್ಪು ಕಿತ್ತು ಒಯ್ಯುವುದು ನನ್ನ ಕೆಲಸ. ಅವ್ವ ಕಷಾಯ ಮಾಡಿ ಕೊಡುತ್ತಿದ್ದಳು. ಕುಡಿದ ರಾತ್ರಿ ಅಪ್ಪನಿಗೆ ಸ್ವಲ್ಪ ನಿದ್ದೆ ಬರುತ್ತಿತ್ತು. ಗುಣವಾಗುತ್ತಿದೆ ಎಂದುಕೊಂಡೆವು. ಹೀಗೆ ನಾಲ್ಕು ತಿಂಗಳು ಕಳೆಯಿತು. ಕಫದಲ್ಲಿ ರಕ್ತ ಕಂಡಾಗಲೇ ಆಸ್ಪತ್ರೆಗೆ ಹೋದದ್ದು. ಅದು ಕ್ಷಯ. ಅಷ್ಟರಲ್ಲಿ ಪಕ್ಕದಲ್ಲೇ ಮಲಗುತ್ತಿದ್ದ ತಂಗಿಗೂ ತಗುಲಿತ್ತು. ದೀರ್ಘ ಚಿಕಿತ್ಸೆಯ ನಂತರ ಇಬ್ಬರೂ ಉಳಿದರು. ಆದರೆ ಅಪ್ಪ ಮತ್ತೆ ನೇಗಿಲು ಹಿಡಿಯಲಿಲ್ಲ.

ತಪ್ಪು ಗಿಡದ್ದಲ್ಲ, ಅವ್ವನದೂ ಅಲ್ಲ. ಕೆಮ್ಮು ಕಡಿಮೆಯಾದರೆ ರೋಗವೂ ಹೋದಂತೆ ಎಂದು ನಾವು ತಿಳಿದದ್ದೇ ತಪ್ಪು. ಮುಂದೆ ಔಷಧಿ ಕೊಡುವ ಕಿಟಕಿಯಲ್ಲಿ ಕುಳಿತಾಗ, ಕೆಮ್ಮುತ್ತಾ ಬಂದವರಿಗೆಲ್ಲ ‘ಎಷ್ಟು ದಿನ ಆಯ್ತು?’ ಎಂದು ಕೇಳದೆ ನಾನು ಬಿಟ್ಟವನಲ್ಲ.

ಆದ್ದರಿಂದ ತಾಯಂದಿರಲ್ಲಿ ಒಂದು ವಿನಂತಿ. ಬಸುರಿಯರಿಗೆ ಆಡುಸೋಗೆ ಕೊಡಬೇಡಿ. ಅದು ಗರ್ಭಕೋಶವನ್ನು ಸಂಕುಚಿಸಬಲ್ಲದು, ಗರ್ಭಪಾತವಾಗುವ ಅಪಾಯವಿದೆ. ಎಳೆಯ ಮಕ್ಕಳಿಗೂ ಮನೆಯಲ್ಲೇ ರಸ ಹಿಂಡಿ ಕುಡಿಸಬೇಡಿ. ವರ್ಷ ತುಂಬದ ಮಗುವಿಗೆ ಜೇನುತುಪ್ಪವೂ ಸಲ್ಲದು. ಬೇರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳಿಯೇ ಬಳಸಲಿ. ಹೆಚ್ಚು ಕುಡಿದರೆ ಹೆಚ್ಚು ಗುಣ ಎಂಬುದು ಸುಳ್ಳು. ವಾಂತಿ, ಭೇದಿ ಆದೀತು.

ಎಲ್ಲಕ್ಕಿಂತ ಮುಖ್ಯವಾದದ್ದು, ಕೆಮ್ಮು 2 ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಕಫದಲ್ಲಿ ರಕ್ತ ಕಂಡರೆ, ಸಂಜೆ ಜ್ವರ ಬಂದರೆ, ಮೈ ಇಳಿದರೆ ಅಷ್ಟು ದಿನವೂ ಕಾಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಉಚಿತ, ಔಷಧಿಯೂ ಉಚಿತ. ಸಾಮಾನ್ಯ ಕ್ಷಯ 6 ತಿಂಗಳ ಚಿಕಿತ್ಸೆಯಲ್ಲಿ ವಾಸಿಯಾಗುತ್ತದೆ, ಮಧ್ಯೆ ಬಿಡಬಾರದು ಅಷ್ಟೇ.

ಬೇಲಿಯ ಜಾಗದಲ್ಲಿ ಈಗ ಕಾಂಪೌಂಡ್ ಎದ್ದಿದೆ. ಇಂದು ಬೆಳಿಗ್ಗೆ ಮಕ್ಕಳ ಜೊತೆ ಅದರ ಬದಿಗೆ ಎರಡು ಆಡುಸೋಗೆ ಕಡ್ಡಿ ನೆಟ್ಟಿದ್ದೇನೆ. ಅದರ ಮುಂದೆ ಹೆಸರಿನ ಫಲಕ ಹಾಕುವಾಗ, ಗುಣದ ಜೊತೆಗೆ ಈ ಎಚ್ಚರಿಕೆಯನ್ನೂ ಬರೆಯಿಸಿ ಎಂದು ಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ.