ಕುಂಡದ ತುಳಸಿಯೂ ಮನೆಯೊಳಗಣ ಇತರ ಗಿಡಗಳೂ ಬಾಡುವುದೇಕೆ?



ಹೊಲಗದ್ದೆಗಳ ಪೈರು ಕೆಟ್ಟರೆ ಅದರ ಕಾರಣವನ್ನು ವಿಚಾರಿಸುವ ರೈತರು, ಮನೆಯೊಳಗಿನ ಕುಂಡದ ಗಿಡ ಕೆಟ್ಟರೆ ಅದನ್ನು ಹೆಂಗಸರ ಪಾಲಿನ ಅಲ್ಪವಿಷಯವೆಂದು ಬಿಟ್ಟುಬಿಡುವುದು ವಾಡಿಕೆ. ಆದರೂ ತೊಟ್ಟಿಯಲ್ಲೊಂದು ತುಳಸಿ, ಜಗಲಿಯ ಅಂಚಿನಲ್ಲೊಂದು ದೊಡ್ಡಪತ್ರೆ, ಬಚ್ಚಲ ಬಳಿ ಕರಿಬೇವು ಅಥವಾ ವೀಳ್ಯದೆಲೆಯ ಬಳ್ಳಿ, ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ಅಪರೂಪ. ಪೂಜೆಗೂ ಅಡಿಗೆಗೂ ಮಕ್ಕಳ ಕೆಮ್ಮು ನೆಗಡಿಗಳಿಗೂ ದಿನವೂ ಬೇಕಾದ ಈ ಗಿಡಗಳು ಕೆಟ್ಟಾಗ ಆಗುವ ನಷ್ಟವು ಹಣದ ಲೆಕ್ಕಕ್ಕೆ ಬರುವಂಥದಲ್ಲ.

ಅದರಲ್ಲಿಯೂ ತುಳಸಿಯ ವಿಷಯವು ಬೇರೆ. ತುಳಸಿ ಒಣಗಿದರೆ ಮನೆಗೆ ಕೇಡು ಬರುವುದೆಂದು ಅನೇಕರು ಅಂಜುತ್ತಾರೆ. ಆ ಅಂಜಿಕೆಯಲ್ಲಿ, ದಿನವೂ ನೀರೆರೆಯುವ ಸೊಸೆಯ ಮೇಲೆ ತಪ್ಪು ಹೊರಿಸುವುದುಂಟು. ಹೊರಗಾದ ಹೆಂಗಸಿನ ನೆರಳು ಬಿದ್ದು ಗಿಡ ಸತ್ತಿತೆಂದು ಹೇಳುವುದೂ ಉಂಟು. ಒಂದು ಗಿಡದ ದೆಸೆಯಿಂದ ಮನೆಯ ನೆಮ್ಮದಿಯೇ ಕೆಡುವುದು. ಆದರೆ ಗಿಡವು ಸಾಯುವುದು ಯಾರ ನೆರಳಿನಿಂದಲೂ ಅಲ್ಲ, ಯಾರ ಕಾಲ್ಗುಣದಿಂದಲೂ ಅಲ್ಲ. ಕಾರಣವು ಬೇರಿನಲ್ಲಿಯೋ ಮಣ್ಣಿನಲ್ಲಿಯೋ ಬೆಳಕಿನಲ್ಲಿಯೋ ಎಲೆಯ ಕೆಳಮೈಯಲ್ಲಿಯೋ ಇರುತ್ತದೆ. ಹುಡುಕಿದರೆ ಕಣ್ಣಿಗೆ ಕಾಣುತ್ತದೆ.

ಕಾರಣವನ್ನು ಮೊದಲು ಕಂಡುಕೊಂಡು ಅನಂತರ ಮದ್ದು ಮಾಡಬೇಕೆಂಬುದು ಈ ನಾಡಿಗೆ ಹೊಸ ಮಾತಲ್ಲ. ಮಲೆನಾಡಿನ ಅಡಿಕೆ ತೋಟಗಳ ಕೊಳೆರೋಗವನ್ನು ನೆನೆದರೆ ಸಾಕು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಆ ರೋಗವನ್ನು ಪರೀಕ್ಷಿಸಿ, ಅದು ಮಳೆಯ ತೇವದಲ್ಲಿ ಹರಡುವ ಒಂದು ಬಗೆಯ ಬೂಷ್ಟಿನಿಂದ ಉಂಟಾಗುವುದೆಂಬುದನ್ನು ವಿವರಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯುವ ಪದ್ಧತಿಯು ತೋಟಗಳಲ್ಲಿ ನೆಲೆಗೊಂಡದ್ದು ಆ ತರುವಾಯವೇ. ಅಡಿಕೆಗೆ ಸಲ್ಲುವ ಈ ಕ್ರಮವು ಕುಂಡದ ಗಿಡಕ್ಕೂ ಸಲ್ಲುತ್ತದೆ.

ಬಾಡಿದ ಗಿಡಕ್ಕೆಲ್ಲ ನೀರು ಬೇಡ

ಕುಂಡದ ಗಿಡಗಳು ಸಾಯುವುದಕ್ಕೆ ನೀರಿನ ಕೊರತೆಯಷ್ಟೇ ನೀರಿನ ಅತಿಯೂ ಕಾರಣವೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಬೇರುಗಳಿಗೆ ನೀರು ಬೇಕಾದಂತೆ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿ ನಿಂತರೆ ಬೇರು ಉಸಿರಾಡಲಾರದೆ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದುದರಿಂದ ಮಣ್ಣು ಒದ್ದೆಯಾಗಿದ್ದರೂ ಎಲೆಗಳು ಜೋಲುಬೀಳುತ್ತವೆ. ಇದನ್ನು ಕಂಡ ಮನೆಯವರು ಗಿಡಕ್ಕೆ ಬಾಯಾರಿದೆಯೆಂದು ಇನ್ನೂ ಒಂದು ಚೊಂಬು ನೀರನ್ನು ಸುರಿಯುತ್ತಾರೆ. ಮಮತೆಯೇ ಗಿಡಕ್ಕೆ ಮೃತ್ಯುವಾಗುವುದು ಹೀಗೆ.

ಇದನ್ನು ತಿಳಿಯಲು ಯಂತ್ರವೇನೂ ಬೇಡ. ತೋರುಬೆರಳನ್ನು ಎರಡು ಗಿಣ್ಣಿನಷ್ಟು ಮಣ್ಣಿನೊಳಕ್ಕೆ ಇಳಿಸಿ ನೋಡತಕ್ಕದ್ದು. ಅಲ್ಲಿ ತೇವವಿದ್ದರೆ ಅಂದು ನೀರೆರೆಯಕೂಡದು. ಒಣಗಿದ್ದರೆ ಕುಂಡದ ತಳದಿಂದ ನೀರು ಹೊರಬರುವವರೆಗೆ ಎರೆಯಬೇಕು. ದಿನವೂ ತುಳಸಿಗೆ ನೀರು ಹಾಕುವ ನೇಮವಿರುವ ಮನೆಯವರು ಮಣ್ಣು ತೇವವಾಗಿರುವ ದಿನ ಒಂದು ಉದ್ಧರಣೆಯಷ್ಟು ನೀರನ್ನು ಮಾತ್ರ ಅರ್ಪಿಸಬಹುದು. ನೇಮವೂ ನಡೆಯುವುದು, ಗಿಡವೂ ಬದುಕುವುದು.

ಕುಂಡದ ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಡಬ್ಬಗಳು, ಹಿತ್ತಾಳೆಯ ಪಾತ್ರೆಗಳು, ತಳಕ್ಕೆ ಗಾರೆ ಹಾಕಿದ ಬೃಂದಾವನಗಳು ಗಿಡಕ್ಕೆ ಕೆರೆಯ ಕೆಸರಿನಂತೆಯೇ ಸರಿ. ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಹೆಂಚಿನ ಚೂರನ್ನು ಇಟ್ಟರೆ ಸಾಕು. ತಳದಲ್ಲಿ ದಪ್ಪನಾಗಿ ಜಲ್ಲಿ ತುಂಬುವುದರಿಂದ ನೀರು ಬೇಗ ಬಸಿಯುವುದೆಂಬ ನಂಬಿಕೆ ಸರಿಯಲ್ಲ. ಅದರಿಂದ ಬೇರಿಗೆ ಸಿಗುವ ಮಣ್ಣು ಕಡಿಮೆಯಾಗುವುದಷ್ಟೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆಯ ಗೊಬ್ಬರ, ಇವುಗಳ ಮಿಶ್ರಣವು ಯೋಗ್ಯವಾದುದು. ಹಸಿ ಸಗಣಿಯನ್ನು ಹಾಕಕೂಡದು.

ಬೇರನ್ನು ಪರೀಕ್ಷಿಸುವ ಕ್ರಮ

ನೀರು ಹದವಾಗಿದ್ದರೂ ಗಿಡವು ಸೊರಗಿದರೆ, ಕುಂಡವನ್ನು ಓರೆಮಾಡಿ ಮಣ್ಣಿನ ಹೆಂಟೆಯೊಡನೆ ಗಿಡವನ್ನು ಮೆಲ್ಲನೆ ಹೊರತೆಗೆದು ನೋಡಬೇಕು. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಆರೋಗ್ಯವೆಂದು ತಿಳಿಯತಕ್ಕದ್ದು. ಕಂದುಬಣ್ಣವಾಗಿ, ಹಿಸುಕಿದರೆ ಸಿಪ್ಪೆ ಜಾರಿ ಬರುವಂತಿದ್ದು ದುರ್ವಾಸನೆ ಬಂದರೆ ಕೊಳೆತಿದೆಯೆಂದು ಅರ್ಥ. ಕೊಳೆತ ಭಾಗವನ್ನು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಟ್ಟು, ಕೆಲವು ದಿನ ನೆರಳಿನಲ್ಲಿಡಬೇಕು. ದೊಡ್ಡಪತ್ರೆಯಾದರೆ ಅಷ್ಟು ಶ್ರಮವೂ ಬೇಡ. ಕೊಳೆಯದ ತುದಿಯೊಂದನ್ನು ಮುರಿದು ನೆಟ್ಟರೆ ಬೇರು ಬಿಡುತ್ತದೆ.

ಬೇರಿನ ಉದ್ದಕ್ಕೂ ಗಂಟುಗಳು ಕಂಡರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಜಂತುಹುಳುವಿನ ಕೆಲಸ. ಹುರುಳಿ, ಅವರೆ, ಅಲಸಂದೆಗಳ ಬೇರಿನಲ್ಲಿಯೂ ಗಂಟುಗಳಿರುವುದನ್ನು ರೈತರು ಬಲ್ಲರು. ಆದರೆ ಅವು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಉಜ್ಜಿದರೆ ಉದುರುತ್ತವೆ, ಪೈರಿಗೆ ಉಪಕಾರಿಗಳು. ಜಂತುಹುಳುವಿನ ಗಂಟಾದರೋ ಬೇರೇ ಬಾತುಕೊಂಡದ್ದು, ಉಜ್ಜಿದರೆ ಹೋಗುವುದಿಲ್ಲ. ತುಳಸಿಗೆ ಈ ಪೀಡೆ ತಗಲುವುದುಂಟು. ಅಂಥ ಕುಂಡದ ಮಣ್ಣನ್ನು ಹಿತ್ತಿಲಿನ ಬದನೆ, ಟೊಮೇಟೊ ಪಾತಿಗಾಗಲಿ ವೀಳ್ಯದೆಲೆಯ ತೋಟಕ್ಕಾಗಲಿ ಎಂದಿಗೂ ಸುರಿಯಕೂಡದು; ಸುರಿದರೆ ಕುಂಡದ ರೋಗವು ತೋಟದ ರೋಗವಾಗುತ್ತದೆ. ಆ ಗಿಡದ ಬೇರುಗಳನ್ನು ಸುಟ್ಟು, ಕುಂಡವನ್ನು ತೊಳೆದು ಬಿಸಿಲಿಗಿಟ್ಟು, ಬೇರೆ ಮಣ್ಣಿನಲ್ಲಿ ಹೊಸ ಸಸಿಯನ್ನು ಬೆಳೆಸುವುದೇ ಮೇಲು.

ಬೆಳಕು

ಒಂದೇ ಸ್ಥಳವು ಎಲ್ಲ ಗಿಡಗಳಿಗೂ ಒಗ್ಗುವುದಿಲ್ಲ. ತುಳಸಿಗೂ ಕರಿಬೇವಿಗೂ ದಿನಕ್ಕೆ ನಾಲ್ಕಾರು ಗಂಟೆಯಾದರೂ ನೇರವಾದ ಬಿಸಿಲು ಬೇಕು. ವೀಳ್ಯದೆಲೆಯ ಬಳ್ಳಿಗೆ ನೆರಳೂ ತಂಪೂ ಬೇಕು. ಸುಡುಬಿಸಿಲಿನಲ್ಲಿ ಅದರ ಎಲೆ ಕರಕಲಾಗುತ್ತದೆ. ದೊಡ್ಡಪತ್ರೆಯು ಅರೆನೆರಳಿನಲ್ಲಿ ಸುಖವಾಗಿರುತ್ತದೆ. ನಡುಮನೆಯಲ್ಲಿಟ್ಟ ತುಳಸಿಯ ಕಡ್ಡಿಗಳು ಬೆಳಕಿನ ಕಡೆಗೆ ಬಾಗಿ ಸಣಕಲಾಗಿ ಉದ್ದ ಬೆಳೆದು, ಎಲೆಗಳು ವಿರಳವಾಗಿ ಬಿಳಿಚಿಕೊಂಡರೆ, ಅದಕ್ಕೆ ಗೊಬ್ಬರ ಬೇಡ, ಬಿಸಿಲು ಬೇಕು. ಒಮ್ಮೆಲೇ ಬಿಸಿಲಿಗೆ ತಳ್ಳದೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸತಕ್ಕದ್ದು.

ಎಲೆಯು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿದರೆ ಅದು ಬೇರೆ ಮಾತು. ಸುಣ್ಣದ ಅಂಶ ಹೆಚ್ಚಿದ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣದ ಅಂಶವು ದೊರೆಯದೆ ಹೀಗಾಗುತ್ತದೆ. ಕರಿಬೇವಿನಲ್ಲಿ ಇದು ಸಾಮಾನ್ಯ. ಗಡಸುನೀರನ್ನೇ ಎರೆಯುವ ಕಡೆ ಮಣ್ಣಿನ ಮೇಲೆ ಬಿಳಿಯ ಉಪ್ಪು ಕಟ್ಟುವುದೂ ಉಂಟು. ಮೇಲುಮಣ್ಣನ್ನು ಕೆರೆದು ತೆಗೆದು, ಮಳೆಯ ನೀರನ್ನು ಧಾರಾಳವಾಗಿ ಎರೆದು ಬಸಿಯಬಿಟ್ಟರೆ ಉಪ್ಪು ತೊಳೆದುಹೋಗುವುದು.

ಎಲೆಯ ಕೆಳಮೈಯ ಶತ್ರುಗಳು

ಎಲೆಯ ಮೇಲೆ ಬಿಳಿಯ ಚುಕ್ಕೆಗಳೆದ್ದು ಅಂಚು ಸುರುಟಿಕೊಂಡರೆ ಅದನ್ನು ಮಗುಚಿ ನೋಡಬೇಕು. ತುಳಸಿಯಲ್ಲಿ ಜಾಲರಿಯಂಥ ರೆಕ್ಕೆಯುಳ್ಳ ಸಣ್ಣ ತಿಗಣೆಗಳೂ ಅವುಗಳ ಕಪ್ಪು ಹಿಕ್ಕೆಗಳೂ ಅಲ್ಲಿ ಕಾಣಸಿಗಬಹುದು. ಗಿಣ್ಣುಗಳಲ್ಲಿ ಹತ್ತಿಯಂತೆ ಬಿಳುಪು ಕಂಡರೆ ಹಿಟ್ಟುತಿಗಣೆ. ಸಿಹಿಯಾದ ಅಂಟನ್ನು ತಿನ್ನಲು ಬರುವ ಇರುವೆಗಳೇ ಅದರ ಕಾವಲುಗಾರರು. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಹಲವು ವೇಳೆ ಚಿಟ್ಟೆಯ ಮರಿಹುಳುವಾಗಿರುತ್ತದೆ. ಅದನ್ನು ಕೈಯಿಂದಲೇ ಆರಿಸಿ ತೆಗೆಯಬಹುದು.

ಮೊದಲು ನೀರಿನ ಧಾರೆಯಿಂದ ಎಲೆಯ ಕೆಳಮೈಯನ್ನು ತೊಳೆದು, ಹೆಚ್ಚು ಹುಳು ಹಿಡಿದ ರೆಂಬೆಗಳನ್ನು ಕತ್ತರಿಸಬೇಕು. ಸಾಲದಿದ್ದರೆ ಒಂದು ಲೀಟರು ನೀರಿಗೆ ಐದು ಮಿಲಿಲೀಟರು, ಎಂದರೆ ಒಂದು ಟೀ ಚಮಚದಷ್ಟು ಬೇವಿನೆಣ್ಣೆಯನ್ನೂ ಸ್ವಲ್ಪ ಸಾಬೂನನ್ನೂ ಕಲಸಿ, ಬಿಸಿಲು ತಗ್ಗಿದ ಮೇಲೆ ಸಿಂಪಡಿಸಿ, ವಾರದ ಮೇಲೆ ಮತ್ತೊಮ್ಮೆ ಸಿಂಪಡಿಸಬಹುದು. ಹೊಗೆಸೊಪ್ಪಿನ ಕಷಾಯವನ್ನಾಗಲಿ ಹೊಲದ ಕೀಟನಾಶಕಗಳನ್ನಾಗಲಿ ಈ ಗಿಡಗಳಿಗೆ ಹಾಕಕೂಡದು. ಇವುಗಳ ಎಲೆ ಬಾಯಿಗೆ ಹೋಗುವಂಥದು, ಅದರಲ್ಲಿಯೂ ಮಕ್ಕಳ ಬಾಯಿಗೆ.

ಹಬ್ಬದ ನಂತರದ ತುಳಸಿ

ಕಾರ್ತಿಕದಲ್ಲಿ ಉತ್ಥಾನದ್ವಾದಶಿಯ ಪೂಜೆಯನ್ನು ವೈಭವದಿಂದ ಪಡೆದ ತುಳಸಿಯು ಪುಷ್ಯದ ಹೊತ್ತಿಗೆ ಬೋಳಾಗಿ ನಿಲ್ಲುವುದನ್ನು ಅನೇಕರು ಕಂಡಿರುತ್ತಾರೆ. ಇದರಲ್ಲಿ ಅಪಶಕುನವೇನೂ ಇಲ್ಲ. ಚಳಿಯಲ್ಲಿ ತುಳಸಿಯ ಬೆಳವಣಿಗೆ ಕುಗ್ಗುವುದು, ಅದಕ್ಕೆ ಬೇಕಾದ ನೀರೂ ಕಡಿಮೆ. ಪೂಜೆಯ ನೀರು ಮಾತ್ರ ಹೆಚ್ಚುವುದು. ಹಾಲು ಮೊಸರುಗಳು ಬುಡದಲ್ಲಿ ಹಳಸಿ ಇರುವೆಗಳನ್ನು ಕರೆಯುತ್ತವೆ. ಹತ್ತಿರವಿಟ್ಟ ದೀಪದ ಬಿಸಿಗೆ ಎಲೆ ಬಾಡುತ್ತದೆ. ದೀಪವನ್ನು ಒಂದು ಅಡಿಯಷ್ಟು ದೂರವಿಟ್ಟು, ನೈವೇದ್ಯವನ್ನು ಬುಡಕ್ಕೆ ಸುರಿಯದೆ ತಟ್ಟೆಯಲ್ಲಿ ಅರ್ಪಿಸಿದರೆ ಭಕ್ತಿಗೆ ಕೊರತೆಯಾಗದು.

ಇದಲ್ಲದೆ ತುಳಸಿಯು ಬಹುಕಾಲ ಬಾಳುವ ಮರವಲ್ಲ. ಕದಿರು ಬಿಟ್ಟು ಬೀಜ ಮಾಗಿದ ಮೇಲೆ ಗಿಡದ ಸತ್ತ್ವ ಉಡುಗುತ್ತದೆ. ಕೆಲವು ವರ್ಷಗಳಲ್ಲಿ ಕಡ್ಡಿಯಾಗಿ ಒಣಗುವುದು ಅದರ ಸ್ವಭಾವ. ಕದಿರುಗಳನ್ನು ಎಳೆಯದರಲ್ಲೇ ಚಿವುಟಿ ಪೂಜೆಗೆ ಬಳಸಿದರೆ ಗಿಡವು ಹೆಚ್ಚು ಕಾಲ ಹಸುರಾಗಿರುವುದು. ಒಂದೆರಡು ಕದಿರನ್ನು ಮಾತ್ರ ಮಾಗಬಿಟ್ಟು, ಪ್ರತಿವರ್ಷವೂ ಮಳೆಗಾಲದ ಆರಂಭದಲ್ಲಿ ಬೀಜ ಚೆಲ್ಲಿ ನಾಲ್ಕು ಸಸಿಗಳನ್ನು ಸಿದ್ಧಮಾಡಿಕೊಂಡಿರುವ ಮನೆಯಲ್ಲಿ ಬೃಂದಾವನವು ಬರಿದಾಗುವುದಿಲ್ಲ.

ಗ್ರಾಮದ ಹಿರಿಯರ ಮಾತಿಗೆ ಮನೆಮನೆಯಲ್ಲಿಯೂ ಬೆಲೆಯುಂಟು. ಮುಂದೆ ಯಾರ ಮನೆಯಲ್ಲಾದರೂ ತುಳಸಿ ಒಣಗಿತೆಂಬ ಸುದ್ದಿ ಬಂದು, ಅದರ ಹಿಂದೆಯೇ ಒಬ್ಬ ಹೆಣ್ಣುಮಗಳ ಹೆಸರು ಕೇಳಿಬಂದರೆ, ಹಿರಿಯರಾದವರು ಆ ಕುಂಡವನ್ನು ತರಿಸಿ, ನಾಲ್ಕು ಜನರೆದುರಿಗೆ ಓರೆಮಾಡಿ ಬೇರನ್ನು ತೋರಿಸತಕ್ಕದ್ದು. ಬೇರು ನಿಜವನ್ನೇ ಹೇಳುತ್ತದೆ.