ಬಿಚ್ಚಿ ನೋಡುವ ಚಟ



ನಮ್ಮ ವಿಜ್ಞಾನದ ಮೇಷ್ಟ್ರು ಹಳೇ ರೇಡಿಯೊ ಬಿಚ್ಚಿ ತೋರಿಸಿದ್ದರು. ಆ ಚಟ ಬಿಟ್ಟಿಲ್ಲ. ಈಗ ಡ್ರೋನಿನ ಫರ್ಮ್‌ವೇರ್ ಬಿಚ್ಚುತ್ತೇನೆ. ಬಿನ್‌ವಾಕ್ ಎಂಬ ಮುಕ್ತ ತಂತ್ರಾಂಶ ಆ ಕಡತದೊಳಗಿನ ಭಾಗಗಳನ್ನು ಹುಡುಕಿ ಬೇರ್ಪಡಿಸುತ್ತದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಘಿದ್ರಾ, ಯಂತ್ರಭಾಷೆಯನ್ನು ನಾವು ಓದುವಂತೆ ಮಾಡುತ್ತದೆ.

ಒಮ್ಮೆ ತಿದ್ದಿದ ಫರ್ಮ್‌ವೇರ್ ಹಾಕಿದೆ. ಡ್ರೋನ್ ಮತ್ತೆ ಏಳಲೇ ಇಲ್ಲ. ಮೂಲ ಪ್ರತಿ ತೆಗೆದಿಟ್ಟಿರಲಿಲ್ಲ, ತಪ್ಪು ನನ್ನದೇ. ಕೊನೆಗೆ ಬೇರೆ ಬೋರ್ಡ್ ಕೂರಿಸಿ, ಸಾಲುಸಾಲೂ ಓದಲು ತೆರೆದಿರುವ ಆರ್ಡುಪೈಲಟ್ ಹಾಕಿದೆ.

ಮೊನ್ನೆ ಅಕ್ಕನ ಮಗ, "ಮಾವ, ಎತ್ತರದ ಮಿತಿ ತೆಗೆದುಬಿಡಿ" ಅಂದ. ತೆಗೆಯಲು ಬರುತ್ತದೆ, ತೆಗೆಯಲಿಲ್ಲ. ಹಸಿರು ವಲಯದಲ್ಲೂ 400 ಅಡಿ ದಾಟಲು ಅನುಮತಿ ಬೇಕು. "ಮತ್ತೆ ಕಲಿತು ಏನು ಬಂತು?" ಎಂದು ಮುನಿಸಿಕೊಂಡ. ಈ ಭಾನುವಾರ ಅವನ ಕೈಗೇ ಲ್ಯಾಪ್‌ಟಾಪ್ ಕೊಡುತ್ತೇನೆ. ಮೊದಲು ಮೂಲ ಪ್ರತಿ ತೆಗೆದಿಡುವುದನ್ನು ಕಲಿಯಲಿ.