ಅಲುಗಾಡದ ಒಂದು ಮೇಜು ಸಾಕು

(ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಪತ್ತೇದಾರಿ ಕಾದಂಬರಿ ಬರೆಯುವವರು ಹೇಗಿರುತ್ತಾರೆ ಎಂಬ ಬಗ್ಗೆ ನಮ್ಮೆಲ್ಲರ ಮನಸ್ಸಿನಲ್ಲೂ ಒಂದು ಚಿತ್ರ ಇರುತ್ತದೆ. ನಡುರಾತ್ರಿ, ಮಂದ ದೀಪ, ಒಳಗಿನಿಂದ ಚಿಲಕ ಹಾಕಿದ ಕೋಣೆ, ಗೋಡೆಗೆ ತೂಗುಹಾಕಿದ ಒಂದು ಕತ್ತಿ. ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದ ಹಿರಿಯರಿಗೂ, ಇಂಗ್ಲಿಷ್ ಪೇಪರ್‌ಬ್ಯಾಕ್ ಹಿಡಿದು ರೈಲು ಹತ್ತುವ ಕಿರಿಯರಿಗೂ ಈ ಚಿತ್ರ ಪರಿಚಿತವೇ. ಇವತ್ತು ನಾನು ಮಾತನಾಡಲಿರುವುದು ಅಗಾಥಾ ಕ್ರಿಸ್ಟಿಯವರ ಬಗ್ಗೆ. ಆಕೆಯ ಕತೆಗಳ ಬಗ್ಗೆ ಅಲ್ಲ, ದಿನಚರಿಯ ಬಗ್ಗೆ. ಅದನ್ನು ತಿಳಿದವರು ಆ ಕತ್ತಿಯನ್ನೂ ಚಿಲಕವನ್ನೂ ಮರೆತುಬಿಡಬೇಕಾಗುತ್ತದೆ.

ಕ್ರಿಸ್ಟಿ ಹುಟ್ಟಿದ್ದು 1890ರ ಸೆಪ್ಟೆಂಬರ್ 15ರಂದು, ಇಂಗ್ಲೆಂಡಿನ ಡೆವನ್ ಸೀಮೆಯ ಟಾರ್ಕಿ ಎಂಬ ಕಡಲತೀರದ ಊರಿನಲ್ಲಿ. ತೀರಿಕೊಂಡದ್ದು 1976ರ ಜನವರಿ 12ರಂದು. ಈ ನಡುವೆ ಆಕೆ ಬರೆದ ಪತ್ತೇದಾರಿ ಕಾದಂಬರಿಗಳು 66. ಮೇರಿ ವೆಸ್ಟ್‌ಮಕಾಟ್ ಎಂಬ ಹೆಸರಿನಲ್ಲಿ ಬರೆದ 6 ಕಾದಂಬರಿಗಳು, ಸಣ್ಣಕತೆಗಳು, ನಾಟಕಗಳು ಬೇರೆ. ಇಷ್ಟನ್ನೂ ಆಕೆ ಎಲ್ಲಿ ಕುಳಿತು ಬರೆದರು?

ಸಂದರ್ಶನಕ್ಕೆ ಹೋದ ಪತ್ರಕರ್ತರೆಲ್ಲ ಕೇಳುತ್ತಿದ್ದುದು ಇದನ್ನೇ. ನೀವು ಬರೆಯುವ ಜಾಗದಲ್ಲಿ ನಿಮ್ಮದೊಂದು ಫೋಟೋ ತೆಗೆಯಬೇಕು ಎಂದು ದುಂಬಾಲು ಬೀಳುತ್ತಿದ್ದರು. ತೋರಿಸಲು ಆಕೆಗೆ ಅಂಥ ಜಾಗವೇ ಇರಲಿಲ್ಲ. ಅಲುಗಾಡದ ಒಂದು ಮೇಜು, ಒಂದು ಟೈಪ್‌ರೈಟರ್ ಇದ್ದರೆ ಮುಗಿಯಿತು. ಮಲಗುವ ಕೋಣೆಯಲ್ಲಿ ಮುಖ ತೊಳೆಯುವ ಬೋಗುಣಿ ಇಡುತ್ತಿದ್ದ ಅಮೃತಶಿಲೆಯ ಹಾಸಿನ ಮೇಜು ಆಯಿತು. ಎರಡು ಊಟಗಳ ನಡುವೆ ಖಾಲಿಯಿರುವ ಊಟದ ಮೇಜೂ ಆಯಿತು. ಬರೆಯಬೇಕೆನಿಸಿದಾಗ ಯಾರಿಗೂ ಹೇಳದೆ ಮೆಲ್ಲನೆ ಎದ್ದು ಹೋಗುತ್ತಿದ್ದರು. ಮೂಳೆ ಸಿಕ್ಕ ನಾಯಿ ಸದ್ದಿಲ್ಲದೆ ಮರೆಯಾಗಿ, ಸ್ವಲ್ಪ ಹೊತ್ತಿನ ಮೇಲೆ ಮೂತಿಗೆ ಮಣ್ಣು ಮೆತ್ತಿಕೊಂಡು ಹಿಂದಿರುಗುವುದಿಲ್ಲವೇ, ಹಾಗೆ ತನ್ನ ರೀತಿ ಎಂದು ಆತ್ಮಕಥೆಯಲ್ಲಿ ತಮ್ಮನ್ನೇ ಗೇಲಿ ಮಾಡಿಕೊಂಡಿದ್ದಾರೆ. ಅರ್ಜಿಗಳಲ್ಲಿ ಉದ್ಯೋಗ ಎಂಬ ಕಡೆ ಆಕೆ ಬರೆಯುತ್ತಿದ್ದುದು 'ವಿವಾಹಿತೆ' ಎಂದು. ಲೇಖಕಿ ಎಂದು ಬರೆಯಲು ಸಂಕೋಚ!

ಬರವಣಿಗೆ ಶುರುವಾದದ್ದೂ ಬೇರೊಂದು ಕೆಲಸದ ಬಿಡುವಿನಲ್ಲೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಕೆ ಟಾರ್ಕಿಯ ಆಸ್ಪತ್ರೆಯಲ್ಲಿ ಔಷಧಿ ಕೊಡುವ ವಿಭಾಗದಲ್ಲಿದ್ದರು. ಒಮ್ಮೆ ಕೈತುಂಬ ಕೆಲಸ, ಒಮ್ಮೆ ಇಡೀ ಮಧ್ಯಾಹ್ನ ಸುಮ್ಮನೆ ಕುಳಿತಿರಬೇಕು. ಸುತ್ತಲೂ ವಿಷದ ಶೀಸೆಗಳು. ನಿನ್ನಿಂದ ಪತ್ತೇದಾರಿ ಕತೆ ಬರೆಯಲಾಗದು ಎಂದು ಅಕ್ಕ ಹಾಕಿದ್ದ ಸವಾಲು ಮನಸ್ಸಿನಲ್ಲಿತ್ತು. ವಿಷಪ್ರಯೋಗದ ಕತೆ ಹುಟ್ಟಿದ್ದು ಹೀಗೆ. ಯುದ್ಧದಿಂದ ನಿರಾಶ್ರಿತರಾಗಿ ಊರಿಗೆ ಬಂದಿದ್ದ ಬೆಲ್ಜಿಯನ್ನರನ್ನು ಕಂಡು ಹರ್ಕ್ಯೂಲ್ ಪೊಯ್ರೊ ಎಂಬ ಪತ್ತೇದಾರ ರೂಪುಗೊಂಡ. ಕತೆ ಮಧ್ಯದಲ್ಲಿ ನಿಂತಾಗ, ತಾಯಿಯ ಸಲಹೆಯಂತೆ ಆಕೆ ಡಾರ್ಟ್‌ಮೂರ್ ಬಯಲಿನ ಹೋಟೆಲೊಂದರಲ್ಲಿ ಎರಡು ವಾರ ತಂಗಿದರು. ಬೆಳಿಗ್ಗೆ ಬರವಣಿಗೆ, ಮಧ್ಯಾಹ್ನ ಪಾತ್ರಗಳ ಮಾತನ್ನು ಗಟ್ಟಿಯಾಗಿ ಆಡಿಕೊಳ್ಳುತ್ತ ಬಯಲಿನಲ್ಲಿ ನಡಿಗೆ. 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' ಎಂಬ ಆ ಕಾದಂಬರಿಯನ್ನು ಹಲವು ಪ್ರಕಾಶಕರು ಹಿಂದಿರುಗಿಸಿದರು. ಕೊನೆಗೆ 1920ರಲ್ಲಿ ಅದು ಅಚ್ಚಾದಾಗ ಆಕೆಯ ಕೈಗೆ ಬಂದದ್ದು 25 ಪೌಂಡು.

ಕತೆಯ ಹೊಳಹುಗಳನ್ನು ಆಕೆ ಗೀಚಿಡುತ್ತಿದ್ದುದು ಶಾಲಾ ಮಕ್ಕಳ ನೋಟ್‌ಬುಕ್ಕುಗಳಲ್ಲಿ. ಅಂಥ 73 ಪುಸ್ತಕಗಳು ಉಳಿದಿವೆ. ಜಾನ್ ಕರನ್ ಎಂಬ ಸಂಶೋಧಕರು ಅವನ್ನು ಓದಿ 2009ರಲ್ಲಿ ಗ್ರಂಥವೊಂದನ್ನು ಹೊರತಂದರು. ಆ ಪುಟಗಳಲ್ಲಿ ಕೊಲೆಯ ಸುಳಿವುಗಳ ಪಕ್ಕದಲ್ಲೇ ಇಸ್ಪೀಟಾಟದ ಅಂಕಗಳಿವೆ, ಕ್ರಿಸ್‌ಮಸ್ ಉಡುಗೊರೆಗಳ ಪಟ್ಟಿಗಳಿವೆ. ಸ್ನಾನದ ತೊಟ್ಟಿಯಲ್ಲಿ ಕುಳಿತು ಸೇಬು ತಿನ್ನುತ್ತ ಕತೆ ಹೆಣೆಯುವುದೂ ಆಕೆಯ ರೂಢಿಯಾಗಿತ್ತು. 1938ರಲ್ಲಿ ಡಾರ್ಟ್ ನದಿಯ ದಂಡೆಯಲ್ಲಿ ಗ್ರೀನ್‌ವೇ ಎಂಬ ದೊಡ್ಡ ಮನೆ ಕೊಂಡಾಗ, ಸೇಬು ಇಡಲು ಅನುಕೂಲವಾಗುವಂಥ ಅಂಚುಳ್ಳ ತೊಟ್ಟಿಯೇ ಬೇಕೆಂದು ವಾಸ್ತುಶಿಲ್ಪಿಗೆ ಹೇಳಿದ್ದರು.

ಇಷ್ಟು ಕೇಳಿದರೆ ಇದೆಲ್ಲ ಆರಾಮದ ಬದುಕು ಎನಿಸೀತು. ಹಾಗಲ್ಲ. 1926ರಲ್ಲಿ ಆಕೆಯ ತಾಯಿ ತೀರಿಕೊಂಡರು. ಆ ದುಃಖ ಆರುವ ಮೊದಲೇ ಗಂಡ ಆರ್ಚಿ, ತಾನು ಬೇರೊಬ್ಬಳನ್ನು ಪ್ರೀತಿಸುತ್ತಿರುವುದಾಗಿ ಹೇಳಿ ವಿಚ್ಛೇದನ ಕೇಳಿದ. ಡಿಸೆಂಬರ್ 3ರ ರಾತ್ರಿ ಕಾರು ಹತ್ತಿ ಹೊರಟ ಕ್ರಿಸ್ಟಿ ಕಾಣೆಯಾದರು. ದೇಶವೆಲ್ಲ ಹುಡುಕಿತು, ಪತ್ರಿಕೆಗಳು ದಿನಕ್ಕೊಂದು ಕತೆ ಕಟ್ಟಿದವು. 11 ದಿನಗಳ ನಂತರ ಹ್ಯಾರೊಗೇಟ್ ಊರಿನ ಹೋಟೆಲೊಂದರಲ್ಲಿ ಬೇರೆ ಹೆಸರಿನಲ್ಲಿ ಪತ್ತೆಯಾದರು. ಆತ್ಮಕಥೆಯಲ್ಲಿ ಈ 11 ದಿನಗಳ ಪ್ರಸ್ತಾಪವೇ ಇಲ್ಲ.

ಆದರೆ ಅದರ ಮರುವರ್ಷದ ಬಗ್ಗೆ ಆಕೆ ಮನಸ್ಸು ಬಿಚ್ಚಿ ಬರೆದಿದ್ದಾರೆ. 1927ರಲ್ಲಿ ಮಗಳು ರೊಸಾಲಿಂಡ್ ಮತ್ತು ಕಾರ್ಯದರ್ಶಿಯೊಂದಿಗೆ ಕೆನರಿ ದ್ವೀಪಕ್ಕೆ ಹೋದರು. ಹಣ ಬೇಕಿತ್ತು. 'ದಿ ಮಿಸ್ಟರಿ ಆಫ್ ದಿ ಬ್ಲೂ ಟ್ರೇನ್' ಮುಗಿಯಬೇಕಿತ್ತು. ಬರೆಯುವ ಮನಸ್ಸಿಲ್ಲ, ಕತೆಯಲ್ಲಿ ಹುರುಪಿಲ್ಲ. ತಾಯಿ ಬಾಯಲ್ಲಿ ಹೇಳಿ ಬರೆಸುತ್ತಿದ್ದರೆ ಮಗಳು ಎದುರಿಗೆ ಬಂದು, ನಾನೇನೂ ತೊಂದರೆ ಕೊಡುವುದಿಲ್ಲ, ಸುಮ್ಮನೆ ನಿಂತಿರುತ್ತೇನೆ ಎನ್ನುವಳು. ಮನೆಯಲ್ಲಿ ಮಕ್ಕಳಿರುವವರಿಗೆ ಆ ನಿಲ್ಲುವಿಕೆಯ ಅರ್ಥ ಗೊತ್ತು. ಆ ಕಾದಂಬರಿಯನ್ನು ಆಕೆ ಕೊನೆಯವರೆಗೂ ಇಷ್ಟಪಡಲಿಲ್ಲ. ಹಾಗಿದ್ದರೂ ತಾನು ಹವ್ಯಾಸಿ ಬರಹಗಾರ್ತಿಯಿಂದ ವೃತ್ತಿ ಬರಹಗಾರ್ತಿಯಾದದ್ದು ಅಲ್ಲಿಯೇ ಎಂದು ಗುರುತಿಸುತ್ತಾರೆ. ಬರೆಯುವ ಆಸೆ ಇಲ್ಲದಾಗಲೂ, ಬರೆದದ್ದು ಚೆನ್ನಾಗಿಲ್ಲ ಎಂದು ತನಗೇ ಗೊತ್ತಿದ್ದಾಗಲೂ ಬರೆಯಲೇಬೇಕಾದ ಹೊರೆ ವೃತ್ತಿಯದ್ದು ಎಂಬುದು ಆಕೆಯ ತಿಳಿವಳಿಕೆ. ದಿನವೂ ಗಂಟೆ ನೋಡಿಕೊಂಡು ಬರೆದುಕೊಡುವ ನಮ್ಮಂಥ ಪತ್ರಿಕೆಯವರಿಗೆ ಈ ಮಾತು ಎದೆಗೆ ತಾಕುತ್ತದೆ. ಆಕೆಗೆ ಅದು ಬರೀ ಗಡುವಿನ ಪ್ರಶ್ನೆಯಾಗಿರಲಿಲ್ಲ. ಒಡೆದುಹೋದ ಸಂಸಾರದಲ್ಲಿ ಕಾಲಿಗೆ ಸಿಕ್ಕ ನೆಲವೇ ಆ ಕೆಲಸ.

ಇನ್ನು ಆಕೆಯ ಮನರಂಜನೆ. ಮೊದಲನೆಯದು ಸಮುದ್ರ. 1922ರಲ್ಲಿ ಗಂಡನ ಜೊತೆ ಲೋಕಸಂಚಾರ ಹೊರಟಾಗ ದಕ್ಷಿಣ ಆಫ್ರಿಕಾ ಮತ್ತು ಹವಾಯಿಯಲ್ಲಿ ಹಲಗೆಯ ಮೇಲೆ ಅಲೆ ಸವಾರಿ ಕಲಿತರು. ಬಿದ್ದು, ಕಾಲು ತರಚಿಕೊಂಡು, ಕೊನೆಗೆ ಹಲಗೆಯ ಮೇಲೆ ನೆಟ್ಟಗೆ ನಿಂತರು. ಎರಡನೆಯದು ಕಾರು. 'ದಿ ಮ್ಯಾನ್ ಇನ್ ದಿ ಬ್ರೌನ್ ಸೂಟ್' ಕಾದಂಬರಿಯನ್ನು ಧಾರಾವಾಹಿಯಾಗಿ ಪ್ರಕಟಿಸಲು ಪತ್ರಿಕೆಯೊಂದು ಕೊಟ್ಟ 500 ಪೌಂಡಿನಲ್ಲಿ ಮಾರಿಸ್ ಕೌಲಿ ಕಾರು ಕೊಂಡರು. ಬಾಳಿನಲ್ಲಿ ತನಗೆ ಅತಿ ಹೆಚ್ಚು ರೋಮಾಂಚನ ತಂದವು ಎರಡೇ: ಒಂದು ಆ ಕಾರು, ಇನ್ನೊಂದು ಸುಮಾರು ನಲವತ್ತು ವರ್ಷಗಳ ನಂತರ ರಾಣಿಯೊಂದಿಗೆ ಮಾಡಿದ ಊಟ ಎಂದಿದ್ದಾರೆ.

ಮೂರನೆಯದು ನಾಟಕ. ಕಾದಂಬರಿಗಿಂತ ನಾಟಕ ಬರೆಯುವುದೇ ಹೆಚ್ಚು ಮೋಜು ಎಂಬುದು ಆಕೆಯ ಅಭಿಪ್ರಾಯ. 1952ರ ನವೆಂಬರ್ 25ರಂದು ಲಂಡನ್ನಿನಲ್ಲಿ 'ದಿ ಮೌಸ್‌ಟ್ರ್ಯಾಪ್' ಆರಂಭವಾದಾಗ, ಇದು ಎಂಟು ತಿಂಗಳು ನಡೆದೀತು ಎಂದು ಅಂದಾಜು ಮಾಡಿದ್ದರು. ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ನಿಲ್ಲುವವರೆಗೂ ಅದು ನಡೆಯಿತು. 2021ರ ಮೇ ತಿಂಗಳಲ್ಲಿ ಮತ್ತೆ ಶುರುವಾಯಿತು. ಅದರ ಆದಾಯದ ಹಕ್ಕನ್ನು ಆಕೆ ಮೊದಲೇ ಮೊಮ್ಮಗನಿಗೆ ಉಡುಗೊರೆಯಾಗಿ ಕೊಟ್ಟಿದ್ದರು. ಕೊಲೆಗಾರನ ಹೆಸರು ಹೊರಗೆ ಯಾರಿಗೂ ಹೇಳಬೇಡಿ ಎಂದು ಪ್ರೇಕ್ಷಕರಿಗೆ ಹೇಳುವ ಪದ್ಧತಿ ಅಲ್ಲಿದೆ. ನಾನೂ ಇಲ್ಲಿ ಹೇಳುವುದಿಲ್ಲ.

ಎಲ್ಲಕ್ಕಿಂತ ಆಕೆಯ ಬದುಕನ್ನು ಬದಲಿಸಿದ್ದು ಪ್ರವಾಸ. ವಿಚ್ಛೇದನವಾದ 1928ರಲ್ಲಿ ವೆಸ್ಟ್ ಇಂಡೀಸಿಗೆ ಹೊರಟಿದ್ದವರು, ಔತಣಕೂಟವೊಂದರಲ್ಲಿ ಬಾಗ್ದಾದಿನ ವರ್ಣನೆ ಕೇಳಿ, ಮರುದಿನವೇ ಟಿಕೆಟ್ ಬದಲಾಯಿಸಿ ಒಬ್ಬರೇ ಓರಿಯಂಟ್ ಎಕ್ಸ್‌ಪ್ರೆಸ್ ರೈಲು ಹತ್ತಿದರು. 1930ರಲ್ಲಿ ಮತ್ತೆ ಇರಾಕಿಗೆ ಹೋದಾಗ, ಉರ್ ಎಂಬಲ್ಲಿನ ಉತ್ಖನನದ ಜಾಗದಲ್ಲಿ ಪುರಾತತ್ವಜ್ಞ ಮ್ಯಾಕ್ಸ್ ಮ್ಯಾಲೊವನ್ ಪರಿಚಯವಾದರು. ಅದೇ ವರ್ಷ ಮದುವೆಯಾಯಿತು. ಅಲ್ಲಿಂದ ಮುಂದೆ ಗಂಡನೊಂದಿಗೆ ಸಿರಿಯಾ, ಇರಾಕ್‌ಗಳ ಮಣ್ಣಿನ ದಿಬ್ಬಗಳೇ ಆಕೆಯ ವಿಹಾರಧಾಮಗಳಾದವು. ನಿಮ್ರೂದ್‌ನಲ್ಲಿ ಸಿಕ್ಕ ಪ್ರಾಚೀನ ದಂತದ ಕೆತ್ತನೆಗಳ ಕೊಳೆಯನ್ನು ಹೆಣಿಗೆಯ ಸಣ್ಣ ಕಡ್ಡಿ ಮತ್ತು ತಾವು ಮುಖಕ್ಕೆ ಹಚ್ಚುವ ಕ್ರೀಮು ಬಳಸಿ ತೆಗೆದರು. 'ಮರ್ಡರ್ ಇನ್ ಮೆಸಪೊಟೇಮಿಯಾ', 'ಡೆತ್ ಆನ್ ದಿ ನೈಲ್' ಮುಂತಾದ ಕಾದಂಬರಿಗಳು ಬಂದದ್ದು ಈ ತಿರುಗಾಟಗಳ ಫಲವಾಗಿ.

ಆ ನಿಮ್ರೂದ್‌ನಲ್ಲಿ ಆಕೆಗೆಂದೇ ಹಸಿ ಇಟ್ಟಿಗೆಯ ಒಂದು ಪುಟ್ಟ ಕೋಣೆ ಕಟ್ಟಲಾಯಿತು. ಅಳತೆ ಸುಮಾರು ಮೂರು ಮೀಟರ್ ಚೌಕ. ಕಿಟಕಿಯಿಂದ ನೋಡಿದರೆ ಕುರ್ದಿಸ್ತಾನದ ಹಿಮಪರ್ವತಗಳು. ಬಾಗಿಲಿನ ಮೇಲೆ ಪ್ರಾಚೀನ ಬೆಣೆಲಿಪಿಯಲ್ಲಿ 'ಬೇತ್ ಅಗಾಥಾ', ಅಂದರೆ ಅಗಾಥಾಳ ಮನೆ, ಎಂಬ ಫಲಕ. ಅಲ್ಲಿ ಯಾರ ಕಾಟವೂ ಇಲ್ಲದೆ ಆಕೆ ಗಂಭೀರವಾಗಿ ಬರೆಯಬೇಕು ಎಂಬುದು ಎಲ್ಲರ ಅಪೇಕ್ಷೆ. 1950ರ ಏಪ್ರಿಲ್‌ನಲ್ಲಿ ಅಲ್ಲಿ ಕುಳಿತ ಆಕೆಗೆ ಕೊಲೆಯ ಕತೆ ಬರೆಯುವ ಮನಸ್ಸಾಗಲಿಲ್ಲ. ತಮ್ಮದೇ ಕತೆ ಶುರುಮಾಡಿದರು. ಅಗೆತದಲ್ಲಿ ಸಿಕ್ಕ ವಸ್ತುಗಳನ್ನು ತೊಳೆದು, ಫೋಟೋ ತೆಗೆದು, ಚೀಟಿ ಅಂಟಿಸುವ ಕೆಲಸ ಹೆಚ್ಚಾದರೆ ಇದಕ್ಕೂ ಬಿಡುವು ಸಿಗಲಿಕ್ಕಿಲ್ಲ ಎಂದು ಮೊದಲ ಪುಟಗಳಲ್ಲೇ ಬರೆದುಕೊಂಡರು. ಆತ್ಮಕಥೆ ಮುಗಿಯಲು 15 ವರ್ಷ ಹಿಡಿಯಿತು. 1965ರಲ್ಲಿ ಅದಕ್ಕೆ ಕೊನೆಯ ಸಾಲು ಬರೆದಾಗ ಆಕೆಗೆ 75 ವರ್ಷ. ನಿಮ್ರೂದ್‌ನ ಅರಮನೆಯ ಅವಶೇಷಗಳನ್ನು 2015ರಲ್ಲಿ ಭಯೋತ್ಪಾದಕರು ಸ್ಫೋಟಿಸಿದರು. ಅಲ್ಲಿ ಕುಳಿತು ಆರಂಭಿಸಿದ ಪುಸ್ತಕ ಮಾತ್ರ ಗ್ರಂಥಾಲಯಗಳ ಕಪಾಟಿನಲ್ಲಿದೆ. ಬಿಡುವಾದಾಗ ತೆಗೆದು ಓದಿ. ಬರೆಯುವ ಆಸೆಯಿದ್ದೂ ಮನೆಯಲ್ಲಿ ಜಾಗವಿಲ್ಲ ಎಂದು ಸುಮ್ಮನಿರುವವರು ನಿಮ್ಮಲ್ಲಿದ್ದರೆ, ಮೊದಲು ಓದಬೇಕಾದವರು ಅವರೇ.